ಅಕ್ರಿಲಿಕ್ ಸ್ವೆಟರ್ ಉಣ್ಣೆ ಥರಾನೇನಾ? ಹೇಗೆ ಒಗೀಬೇಕು?

ನೋಡೋಕೆ ಉಣ್ಣೆ ಥರ, ಆದ್ರೆ ಹುಟ್ಟು ಪೆಟ್ರೋಲಿಯಂನಿಂದ. ತೂಕದಲ್ಲಿ ಕನಿಷ್ಠ 85% ಅಕ್ರಿಲೋನೈಟ್ರೈಲ್ ಅನ್ನೋ ರಾಸಾಯನಿಕ ಇರೋ ನೂಲಿಗೆ ಅಕ್ರಿಲಿಕ್ ಅಂತಾರೆ, 1950ರಲ್ಲಿ ಡುಪಾಂಟ್ ಕಂಪನಿ ಆರ್ಲಾನ್ ಅನ್ನೋ ಹೆಸರಲ್ಲಿ ಮಾರ್ಕೆಟ್‌ಗೆ ತಂತು. ಹಗುರ, ಬೆಚ್ಚಗೆ, ಹುಳ ತಿನ್ನಲ್ಲ, ಬಿಸಿಲಿಗೂ ಅಷ್ಟು ಸುಲಭಕ್ಕೆ ಜಗ್ಗಲ್ಲ, ಅದಕ್ಕೇ ಸ್ವೆಟರ್, ಶಾಲು, ಹೊದಿಕೆ ಅಷ್ಟೇ ಅಲ್ಲ, ಹೊರಗಡೆ ನೆರಳಿಗೆ ಕಟ್ಟೋ ಬಟ್ಟೆಗೂ ಇದನ್ನ ಬಳಸ್ತಾರೆ. ತೊಂದ್ರೆ ಏನಪ್ಪಾ ಅಂದ್ರೆ ತೇವ ಹೆಚ್ಚು ಹೀರಲ್ಲ, ತನ್ನ ತೂಕದ ಸುಮಾರು 2% ಅಷ್ಟೇ, ಹಾಗಾಗಿ ಬೆವರಿದ್ರೆ ಮೈಗೆ ಅಂಟಂಟು, ಒಣಹವೆಯಲ್ಲಿ ತಲೆ ಮೇಲಿಂದ ತೆಗೆದ್ರೆ ಚಟಪಟ ಅಂತ ಸ್ಟಾಟಿಕ್ ಹೊಡೆದು ಕೂದ್ಲೆಲ್ಲ ನಿಂತ್ಕೊಳತ್ತೆ. ಕಂಕುಳು, ತೋಳಿನ ಹತ್ರ ಉಜ್ಜಿ ಉಜ್ಜಿ ಸಣ್ಣ ಸಣ್ಣ ಉಂಡೆ ಕಟ್ಟೋದೂ ಇದರದ್ದೇ ಗುಣ.

ಒಗೆಯುವಾಗ ಒಳಮಗ್ಗುಲು ಹೊರಗೆ ಮಾಡಿ, ಉಗುರುಬೆಚ್ಚಗಿನ ನೀರು, ಮೈಲ್ಡ್ ಡಿಟರ್ಜೆಂಟ್, ಹಿಂಡ್ಬೇಡಿ. ತಂತಿ ಮೇಲೆ ನೇತುಹಾಕಿದ್ರೆ ನೀರಿನ ಭಾರಕ್ಕೆ ಜೋತು ಉದ್ದ ಆಗತ್ತೆ, ಟವೆಲ್ ಮೇಲೆ ಹರಡಿ ಒಣಗಿಸಿ. ಇಸ್ತ್ರಿ ಮಾತ್ರ ಹುಷಾರು! ಬಿಸಿ ಹಬೆ ತಾಗಿದ್ರೂ ಹೆಣಿಗೆಯ ಪುಟಿತ ಹೋಗಿ ಸೊರಗಿದ ಬಟ್ಟೆ ಥರ ಆಗ್ಬಿಡತ್ತೆ, ಆಮೇಲೆ ಏನು ಮಾಡಿದ್ರೂ ಸರಿಹೋಗಲ್ಲ. ನಾನೂ ಒಂದು ಮಫ್ಲರ್ ಹೀಗೇ ಹಾಳು ಮಾಡ್ಕೊಂಡಿದೀನಿ.