ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಪಾಲು ಬರಲ್ವಾ?

ಖಂಡಿತ ಬರುತ್ತದೆ. ಜಮೀನು ತಾತನದು, ಅಪ್ಪ 2001ರಲ್ಲಿ ತೀರಿಕೊಂಡರು, ಅಣ್ಣಂದಿರು ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಂಡು ಈಗ ಮಾರಾಟಕ್ಕೆ ಅಗ್ರಿಮೆಂಟ್ ಹಾಕಿದ್ದಾರೆ, ‘ನಿನ್ನ ಮದುವೆ 1990ರಲ್ಲೇ ಆಯ್ತು, ನಿನಗೇನೂ ಬರಲ್ಲ’ ಅಂತಾರೆ ಎಂದು ಬರೆದಿದ್ದೀರಿ. ಆ ಮಾತು ನಂಬಿ ಸುಮ್ನೆ ಕೂರಬೇಡಿ.

ಹೆಣ್ಣುಮಕ್ಕಳಿಗೂ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿಯಲ್ಲಿ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದರು. ಊರಲ್ಲಿ ಇವತ್ತಿಗೂ ಅದನ್ನೇ ಹೇಳುತ್ತಾರೆ. ಆದರೆ 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆ ಲೆಕ್ಕಕ್ಕೇ ಇಲ್ಲ. ಆಗ ಅಪ್ಪ ಬದುಕಿರಬೇಕಿತ್ತಾ ಅನ್ನೋ ಗೊಂದಲ ವರ್ಷಗಟ್ಟಲೆ ಇತ್ತು, ಅದನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಬಗೆಹರಿಸಿತು. ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ ಅಥವಾ ಅಷ್ಟರೊಳಗೆ ಮಾರಿಬಿಟ್ಟಿದ್ದರೆ ಮಾತ್ರ ಕಷ್ಟ. ಅಪ್ಪನ ಸ್ವಯಾರ್ಜಿತ ಆಸ್ತಿಯೂ ಇದ್ದು ವಿಲ್ ಬರೆದಿಲ್ಲ ಅಂದ್ರೆ ಅದರಲ್ಲೂ ನಿಮಗೆ ಅಣ್ಣಂದಿರಷ್ಟೇ ಪಾಲು.

ಪಹಣಿ, ಖಾತೆ ಎಲ್ಲ ಕಂದಾಯಕ್ಕೆ ಇರೋ ದಾಖಲೆ. ಅವು ಹಕ್ಕು ಕೊಡೋದೂ ಇಲ್ಲ, ಕಿತ್ಕೊಳ್ಳೋದೂ ಇಲ್ಲ. ಆದ್ರೂ ಪಹಣಿ ತೆಗೆಸಿ, 10ನೇ ಕಾಲಂನಲ್ಲಿರೋ ಎಂಆರ್ (ಮ್ಯುಟೇಷನ್ ರಿಜಿಸ್ಟರ್, ಅಂದ್ರೆ ಖಾತೆ ಬದಲಾವಣೆಯ ದಾಖಲೆ) ನಂಬರ್ ಹಿಡಿದು ಆ ಫೈಲಿನ ನಕಲು ತೆಗೆಸಿ. ನಮ್ಮ ದೊಡ್ಡಮ್ಮನ ಕೇಸಿನಲ್ಲಿ ಸೋದರಮಾವಂದಿರು ‘ಪಾಲು ಯಾವತ್ತೋ ಆಗಿದೆ’ ಅಂತ ರಿಜಿಸ್ಟರ್ ಆಗದ ಒಂದು ಪಾರಿಕತ್ತು (ಪಾಲು ಪತ್ರ) ತಂದಿಟ್ಟರು. ಎಂಆರ್‌ನಲ್ಲಿ ಇದ್ದದ್ದು ‘ಪೌತಿ ವಾರಸು’ ಅಂತ, ವಿಭಾಗ ಅಂತ ಅಲ್ಲ. ಫೈಲಿನಲ್ಲಿದ್ದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ! ಪಾಲು ಆಗಿದ್ದರೆ ತಂದೆ ಸತ್ತ ಮೇಲೆ ಪೌತಿ ಯಾಕೆ ಮಾಡಿಸಿದಿರಿ ಅಂತ ನಮ್ಮ ವಕೀಲರು ಪಾಟಿಸವಾಲಿನಲ್ಲಿ ಕೇಳಿದಾಗ ಅವರ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು. ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ದುಡ್ಡು ಕೈಗಿಟ್ಟು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದರೆ ಹೋಗಬೇಡಿ. ಅದು ಹಕ್ಕು ಬಿಡುಗಡೆ ಪತ್ರ. ತವರು ಮನೆ ಬಾಗಿಲು ಮುಚ್ಚಿಹೋಗುತ್ತದೆ ಅನ್ನೋ ಭಯಕ್ಕೆ ಎಷ್ಟು ಜನ ಅಕ್ಕತಂಗಿಯರು ಓದದೆ ಸಹಿ ಹಾಕಿದ್ದಾರೋ, ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಅಗ್ರಿಮೆಂಟ್ ಆಗಿದೆ ಅಂದಮೇಲೆ ತಡ ಮಾಡಬೇಡಿ. ಸಬ್ ರಿಜಿಸ್ಟ್ರಾರ್‌ಗೆ ತಕರಾರು ಅರ್ಜಿ ಕೊಟ್ಟರೆ ಸಾಲದು, ಕೋರ್ಟಿನ ತಡೆಯಾಜ್ಞೆಯೇ ಬೇಕು. ಈ ವಾರವೇ ಸಿವಿಲ್ ವಕೀಲರನ್ನು ನೋಡಿ ಪಾಲು ಕೇಳಿ ದಾವಾ ಹಾಕಿ, ಕುಟುಂಬದ ಎಲ್ಲ ಆಸ್ತಿಯನ್ನೂ ಎಲ್ಲ ಪಾಲುದಾರರನ್ನೂ ಅದರಲ್ಲಿ ಸೇರಿಸಿ, ಒಂದು ಸರ್ವೆ ನಂಬರ್ ಬಿಟ್ಟರೂ ಆಮೇಲೆ ತಕರಾರು ತೆಗೆಯುತ್ತಾರೆ. ಕೊಳ್ಳುವವರಿಗೂ ಒಂದು ನೋಟಿಸ್ ಹೋಗಲಿ. ವಕೀಲರ ಫೀಸಿಗೆ ಕಷ್ಟ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.