ಆನೆ ಲಾಯ ಕಟ್ಟಿದ್ಯಾರು? (ಸಂಪಾದಕರ ಉತ್ತರ)

ಮೇಡಂ ನಮಸ್ಕಾರ. ನಿಮ್ಮ ಪತ್ರ ಬಂದು ಹದಿನೈದು ದಿನ ಆಯ್ತು, ಉತ್ತರ ಲೇಟಾಯ್ತು, ಬೇಜಾರು ಮಾಡ್ಕೋಬೇಡಿ. ಸ್ಕೂಲ್ ಮಕ್ಕಳನ್ನ ಹಂಪಿಗೆ ಕರ್ಕೊಂಡು ಹೋದಾಗ ಗೈಡ್ ಒಬ್ರು ಗಜಶಾಲೆ ಮುಂದೆ ನಿಂತು "ಗುಮ್ಮಟ ನೋಡಿ, ಇದು ಸುಲ್ತಾನರು ಗೆದ್ದ ಮೇಲೆ ಕಟ್ಸಿದ್ದು" ಅಂದ್ರಂತೆ, ಹೌದಾ ಅಂತ ಕೇಳಿದೀರಿ. ಜೊತೆಗೆ ಆನೆಗೆ ಏನು ಊಟ ಹಾಕ್ತಿದ್ರು ಅಂತ ಒಂದು ಮಗು ಕೇಳ್ತು, ನಂಗೆ ಗೊತ್ತಾಗ್ಲಿಲ್ಲ ಅಂತಾನೂ ಬರ್ದಿದೀರಿ.

ಗೈಡ್ ಹೇಳಿದ್ದು ತಪ್ಪು. 1565ರಲ್ಲಿ ಸುಲ್ತಾನರು ವಿಜಯನಗರದವರನ್ನ ಸೋಲ್ಸಿದ ತಾಳಿಕೋಟೆ ಯುದ್ಧ ಆದ್ಮೇಲೆ ಊರೇ ಹಾಳು ಬಿತ್ತು, ವಿಜಯನಗರ ಆಳ್ತಿದ್ದ ರಾಮರಾಯನ ತಮ್ಮ ತಿರುಮಲರಾಯ ಖಜಾನೆನ ಆನೆಗಳ ಮೇಲೆ ಹೇರ್ಕೊಂಡು ಪೆನುಕೊಂಡೆಗೆ ಹೋದ ಅಂತಾರೆ, ಅಂಥ ಪಾಳು ಊರಿಗೆ ಬಂದು ಯಾರಾದ್ರೂ ಇಷ್ಟು ಚೆಂದದ ಲಾಯ ಕಟ್ಟಿಸ್ತಾರಾ? ಇದು ವಿಜಯನಗರದವರದ್ದೇ. ಅವರ ಸೈನ್ಯದಲ್ಲೇ ಮುಸ್ಲಿಂ ಸರದಾರರಿದ್ರು, ಎರಡನೇ ದೇವರಾಯನ ಕಾಲದಲ್ಲಿ ಅಹ್ಮದ್ ಖಾನ್ ಅನ್ನೋರು 1439ರಲ್ಲಿ ಕಟ್ಸಿದ ಮಸೀದಿ ಹಂಪೀಲೇ ಇದೆ. ಮಜಾ ಏನಂದ್ರೆ ಆ ಮಸೀದಿ ನೋಡಕ್ಕೆ ದೇವಸ್ಥಾನದ ಮಂಟಪದ ಥರ, ಗುಮ್ಮಟ ಇರೋದು ರಾಯರ ಆನೆ ಲಾಯಕ್ಕೆ!

ಇನ್ನು ಕಟ್ಟಡ. ಒಂದೇ ಸಾಲಲ್ಲಿ 11 ಕೋಣೆ, ಎಲ್ಲಾ ಪಶ್ಚಿಮಕ್ಕೆ ಮುಖ, ಎದುರಿಗೆ ದೊಡ್ಡ ಬಯಲು. ನಡುವಿನದು ಮಿಕ್ಕಿದ್ದಕ್ಕಿಂತ ಎತ್ತರ, ಅದರ ಮೇಲಿದ್ದ ಅಂತಸ್ತು ಅರ್ಧ ಬಿದ್ದೋಗಿದೆ. ಅಲ್ಲಿ ವಾದ್ಯದವರು ಕೂರ್ತಿದ್ರು ಅಂತಾರೆ, ಅದು ಊಹೆ ಅಷ್ಟೇ. ಎರಡೂ ಕಡೆ ಐದೈದು ಗುಮ್ಮಟ, ಕೆಲವು ನುಣ್ಣಗೆ ಗುಂಡಗೆ, ಕೆಲವು ಕುಂಬಳಕಾಯಿ ಥರ ಹೋಳುಹೋಳು, ಎಡಗಡೆ ಯಾವ ಆಕಾರ ಇದ್ಯೋ ಬಲಗಡೆನೂ ಅದೇ. ಗುಮ್ಮಟನೇ ಯಾಕೆ ಅಂದ್ರೆ, ನಂಗನ್ಸೋದು, ಕಲ್ಲು ಚಪ್ಪಡಿ ಹಾಸಿದ್ರೆ ಅದನ್ನ ಹೊರೋಕೆ ಮಧ್ಯ ಕಂಬ ನಿಲ್ಲಿಸ್ಬೇಕು, ಕಂಬ ಇದ್ರೆ ಆನೆ ತಿರುಗೋದೆಲ್ಲಿ? ಮುಂದೆ ಆನೆಗೆ ಅಷ್ಟೆತ್ತರದ ಕಮಾನು, ಹಿಂದ್ಗಡೆ ಗೋಡೇಲಿ ಮಾವುತ ಬಗ್ಗಿ ನುಸುಳೋ ಅಷ್ಟು ಸಣ್ಣ ಕಿಂಡಿ, ಅದನ್ನ ಮುಂದಿನ ಸಲ ಮಕ್ಕಳಿಗೆ ತೋರ್ಸಿ. ಒಳಗೆ ತಲೆ ಎತ್ತಿ ನೋಡಿದ್ರೆ ಕಬ್ಬಿಣದ ಕೊಂಡಿನೂ ಕಾಣ್ಸುತ್ತೆ.

ಆ ಕೊಂಡಿ ಕತೆ ಹಳೇದು. 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಆನೆಗೊಂದೊಂದು ಬೇರೆ ಕೋಣೆ, ಗಟ್ಟಿ ಗೋಡೆ, ಕತ್ತಿಗೂ ಬೆನ್ನಿಗೂ ಹಾಕಿದ ಸರಪಳಿನ ಮೇಲೆ ಚಾವಣಿಗೆ ಬಿಗೀತಾರೆ ಅಂತ ಬರ್ದಿದಾನೆ. ಆದ್ರೆ ಅವನು ಹೇಳೋ ಚಾವಣಿ ಮರದ್ದು, ಹಾಗಾಗಿ ಇದೇ ಕಟ್ಟಡ ನೋಡಿದ್ದ ಅನ್ನಕ್ಕಾಗಲ್ಲ.

ಊಟದ ವಿಷ್ಯನೂ ಅವನೇ ಹೇಳ್ತಾನೆ, ಆ ಮಗೂಗೆ ಓದಿ ಹೇಳಿ. ದಿನಕ್ಕೆರಡು ಸಲ ಕಿಚಡಿ ಬೇಯ್ಸಿ, ಉಪ್ಪು ಸಕ್ಕರೆ ಉದುರ್ಸಿ, ದೊಡ್ಡ ದೊಡ್ಡ ಉಂಡೆ ಕಟ್ಟಿ, ಬೆಣ್ಣೇಲಿ ಅದ್ದಿ ಬಾಯಿಗೇ ಇಡ್ತಿದ್ರಂತೆ. ಇದ್ರಲ್ಲಿ ಏನಾದ್ರೂ ಒಂದು ಮರೆತ್ರೆ ಆನೆ ಮಾವುತನ ಮೇಲೇ ಏರಿ ಹೋಗ್ತಿತ್ತು, ರಾಯರ ಕಡೆಯಿಂದ ಶಿಕ್ಷೆ ಬೇರೆ.