ಬಾಣ ಯಾರ ಮೇಲೆ ಬಿತ್ತೋ ಮೆಥಡ್ ಅವರದ್ದು

ಪ್ರಶ್ನೆ: ಸರ್, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿಗೆ ಸಾಫ್ಟ್‌ವೇರ್ ಮಾಡುವುದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್. ಯೂಸ್ ಕೇಸ್ (ಬಳಸುವವರು ಒಂದು ಕೆಲಸ ಮುಗಿಸಿಕೊಳ್ಳುವ ಹೆಜ್ಜೆಗಳು) ಬರೆದಾಯ್ತು. ರೈತ, ಲಾಟ್ (ಒಬ್ಬ ರೈತ ಒಟ್ಟಿಗೆ ಇಟ್ಟ ಮಾಲು), ರಸೀದಿ ಅಂತ ಕ್ಲಾಸ್, ಅಂದ್ರೆ ಮಾಹಿತಿ ಮತ್ತು ಅದರ ಕೆಲಸ ಒಟ್ಟಿಗಿಡುವ ಕೋಡಿನ ಭಾಗ, ಕೂಡ ಮಾಡಿದ್ದೇವೆ. ಆದರೆ ಮೆಥಡ್ (ಕ್ಲಾಸ್ ಮಾಡುವ ಕೆಲಸ) ಎಲ್ಲಾ ‘ಸ್ಟೋರೇಜ್ ಮ್ಯಾನೇಜರ್’ ಅನ್ನೋ ಒಂದೇ ಕ್ಲಾಸಿನಲ್ಲಿ ತುಂಬಿಕೊಂಡಿವೆ. ಸೀಕ್ವೆನ್ಸ್ ಡಯಾಗ್ರಾಮ್ (ಯಾರು ಯಾರನ್ನು ಯಾವ ಕ್ರಮದಲ್ಲಿ ಏನು ಕೇಳುತ್ತಾರೆ ಅನ್ನೋ ಚಿತ್ರ) ಕೋಡ್ ಮುಗಿದ ಮೇಲೆ ರಿಪೋರ್ಟಿಗೆ ಹಾಕಿದರೆ ಸಾಕಲ್ವಾ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸಾಕಾಗಲ್ಲ. ಆಮೇಲೆ ಬರೆದದ್ದು ವೈವಾದಲ್ಲಿ ತೋರಿಸೋಕೆ ಆಗುತ್ತದೆ, ಅಷ್ಟೇ. ಯೂಸ್ ಕೇಸಿನಿಂದ ನಾಮಪದ ಹೆಕ್ಕಿದರೆ ಕ್ಲಾಸಿನ ಹೆಸರು ಸಿಗುತ್ತದೆ. ಯಾವ ಕೆಲಸ ಯಾರದ್ದು ಅನ್ನೋದು ಸಿಗಲ್ಲ. ಅದು ತೀರ್ಮಾನ ಆಗೋದೇ ಸೀಕ್ವೆನ್ಸ್ ಡಯಾಗ್ರಾಮಿನಲ್ಲಿ.

ಒಂದು ಯೂಸ್ ಕೇಸ್ ತಗೊಳ್ಳಿ. ರೈತರೊಬ್ಬರು 200 ಬಾಕ್ಸ್ ಇಟ್ಟಿದ್ದಾರೆ, ರೇಟ್ ಬಂತು ಅಂತ 80 ಬಿಡಿಸಿಕೊಳ್ಳಲು ಬಂದರು. ಕ್ಲರ್ಕ್ ರಸೀದಿ ನಂಬರ್ ಹಾಕುತ್ತಾರೆ, ಬಾಡಿಗೆ ಎಷ್ಟು ಅಂತ ಬರುತ್ತದೆ, ದುಡ್ಡು ಕಟ್ಟಿದರೆ ಗೇಟ್ ಪಾಸ್. ಈಗ ಹಾಳೆಯ ಮೇಲ್ಗಡೆ ಕ್ಲರ್ಕ್, ಸ್ಕ್ರೀನ್, ಕಂಟ್ರೋಲರ್ (ಸ್ಕ್ರೀನಿನಿಂದ ಬಂದದ್ದನ್ನು ಸರಿಯಾದ ಕ್ಲಾಸಿಗೆ ದಾಟಿಸುವುದು), ಲಾಟ್, ದರಪಟ್ಟಿ ಅಂತ ಸಾಲಾಗಿ ಬರೆದು, ಪ್ರತಿಯೊಂದರಿಂದ ಕೆಳಕ್ಕೆ ಚುಕ್ಕೆ ಗೆರೆ ಎಳೆದು, ಒಂದೊಂದು ಹೆಜ್ಜೆಗೂ ಕೇಳುವವರಿಂದ ಆ ಕೆಲಸ ಮಾಡುವವರ ಕಡೆಗೆ ಬಾಣ ಹಾಕುತ್ತಾ ಬನ್ನಿ. ‘ಬಾಡಿಗೆ ಎಷ್ಟು’ ಅನ್ನೋ ಬಾಣ ಬಂದಾಗ ಸ್ವಲ್ಪ ನಿಲ್ಲಿ. ಯಾರನ್ನು ಕೇಳೋದು? ಇಟ್ಟ ತಾರೀಖು, ಉಳಿದ ಬಾಕ್ಸ್ ಎರಡೂ ಗೊತ್ತಿರೋದು ಲಾಟಿಗೆ. ಅದನ್ನೇ ಕೇಳಿ, ದರವನ್ನು ಅದೇ ದರಪಟ್ಟಿಯಿಂದ ತಗೊಂಡು ಲೆಕ್ಕ ಹೇಳಲಿ. ಬಾಣ ಲಾಟಿನ ಮೇಲೆ ಬಿತ್ತು ಅಂದ್ರೆ ಬಾಡಿಗೆ ಲೆಕ್ಕ ಲಾಟ್ ಕ್ಲಾಸಿನ ಮೆಥಡ್ ಆಯ್ತು, ಬಾಣದ ಜೊತೆ ಕಳಿಸಿದ 80 ಮತ್ತು ಇವತ್ತಿನ ತಾರೀಖು ಅದರ ಪ್ಯಾರಾಮೀಟರ್ ಆಯ್ತು, ಲಾಟಿನಿಂದ ದರಪಟ್ಟಿಗೆ ಬಾಣ ಹೋಗಿದ್ದಕ್ಕೆ ಕ್ಲಾಸ್ ಡಯಾಗ್ರಾಮಿನಲ್ಲಿ ಅವೆರಡರ ನಡುವೆ ಗೆರೆಯೂ ಬಂತು.

ಕಂಟ್ರೋಲರ್ ಇರಲಿ, ತಪ್ಪಿಲ್ಲ. ಆದರೆ ಎಲ್ಲಾ ಬಾಣ ಅದರಿಂದಲೇ ಹೊರಟು, ಉಳಿದವು ತಮ್ಮತಮ್ಮಲ್ಲಿ ಮಾತೇ ಆಡದಿದ್ದರೆ, ನಿಮ್ಮ ಮ್ಯಾನೇಜರ್ ಬೇರೆ ಹೆಸರಿನಲ್ಲಿ ವಾಪಸ್ ಬಂದಿದ್ದಾನೆ ಅಂತಲೇ ಲೆಕ್ಕ.

ಯೂಸ್ ಕೇಸನ್ನು ರೂಢಿಗೆ ತಂದ ಇವಾರ್ ಜೇಕಬ್ಸನ್ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿದ್ದವರು. ಅವರ ಪದ್ಧತಿಯಲ್ಲೂ ಯೂಸ್ ಕೇಸ್ ಮೊದಲು, ಆಬ್ಜೆಕ್ಟುಗಳು (ಕ್ಲಾಸಿನ ಅಚ್ಚಿನಲ್ಲಿ ಮಾಡಿದ ಒಂದೊಂದು ವಸ್ತು) ಏನೇನು ಮಾಡಬೇಕು ಅನ್ನೋದು ಅದರಿಂದಲೇ. ಸಾಫ್ಟ್‌ವೇರಿನ ವಿನ್ಯಾಸವನ್ನು ಚಿತ್ರಗಳಲ್ಲಿ ಬರೆಯುವ ಪದ್ಧತಿಯಾದ ಯುಎಂಎಲ್ 1997ರಲ್ಲಿ ಸ್ಟ್ಯಾಂಡರ್ಡ್ ಆದಾಗ ಯೂಸ್ ಕೇಸ್, ಸೀಕ್ವೆನ್ಸ್ ಚಿತ್ರಗಳೂ ಅದರೊಳಗಿದ್ದವು.

ಇನ್ನೊಂದು ಮಾತು, ಇದನ್ನು ಜಾಸ್ತಿ ಮಂದಿ ಬಿಡುತ್ತಾರೆ. ಎಲ್ಲಾ ಸರಿಯಾಗಿ ನಡೆದ ದಾರಿಯನ್ನಷ್ಟೇ ಬರೆದು ಮುಗಿಸಬೇಡಿ. ಅದೇ ರಸೀದಿ ಬ್ಯಾಂಕಿನಲ್ಲಿ ಅಡ ಇಟ್ಟು ಸಾಲ ಎತ್ತಿದ್ದರೆ ಮಾಲು ಬಿಡೋಕಾಗುತ್ತಾ? ‘ಹೀಗಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ’ ಅಂತ ತೋರಿಸುವ ‘ಆಲ್ಟ್’ ಚೌಕಟ್ಟು ಹಾಕಿ ಆ ದಾರಿಯನ್ನೂ ಬರೆಯಿರಿ. ‘ಅಡಮಾನ ಇದೆಯಾ’ ಅಂತ ಬಾಣ ಎಳೆಯೋಕೆ ಹೋದರೆ ಆ ಕಡೆ ಯಾರೂ ಇಲ್ಲ! ನೀವು ಹೇಳಿದ ಕ್ಲಾಸುಗಳಲ್ಲಿ ಅಡಮಾನ ಅನ್ನೋದೇ ಇಲ್ಲ, ಅಲ್ವಾ? ಈಗ ಸೇರಿಸಿ.

ಲಾಗಿನ್ನಿಗೆ, ಫೋನ್ ನಂಬರ್ ತಿದ್ದೋದಕ್ಕೆಲ್ಲ ಸೀಕ್ವೆನ್ಸ್ ಬೇಡ್ರೀ, ಸುಮ್ನೆ ಹಾಳೆ ದಂಡ. ಮಾಲು ಒಳಬರೋದು, ಬಿಡಿಸಿಕೊಳ್ಳೋದು, ಬಾಕಿ ವಸೂಲಿ, ಈ ಮೂರನ್ನು ಪೆನ್ಸಿಲಿನಲ್ಲಿ ಬರೆದು ಗೈಡಿಗೆ ತೋರಿಸಿ, ಆಮೇಲೆ ಕೋಡ್ ಮುಟ್ಟಿ.